ಫ್ರೀ ಏಜೆಂಟ್ ಪಿಚರ್‌ಗೆ ದುಡ್ಡು ಸುರಿಯೋದು: ಕೈ ಕೊಡೋದು ತೋಳೋ, ಮಾಲೀಕನೋ?

ಫುಲ್‌ಕೌಂಟ್:
ಅಮೆರಿಕದ ಬೇಸ್‌ಬಾಲ್‌ನಲ್ಲಿ ಪ್ರತಿ ನವೆಂಬರ್‌ನಲ್ಲೂ ಇದೇ ಗಲಾಟೆ: ಕಾಂಟ್ರಾಕ್ಟ್ ಮುಗಿದು ಯಾವ ಟೀಮಿಗಾದ್ರೂ ಹೋಗಬಹುದಾದ (ಫ್ರೀ ಏಜೆಂಟ್) ಪಿಚರ್‌ಗೆ, ಅಂದ್ರೆ ಚೆಂಡು ಎಸೆಯೋನಿಗೆ, ದುಡ್ಡು ಸುರಿಯಬೇಕಾ ಅಂತ. "ನಮ್ಮ ಮಾಲೀಕ ಜಿಪುಣ, ಗಂಟು ಬಿಚ್ಚಲ್ಲ" ಅಂತ ಅರ್ಧ ಜನ, "ಪಿಚರ್‌ಗೆ ಏಳು ವರ್ಷದ ಕಾಂಟ್ರಾಕ್ಟ್ ಕೊಡೋನು ಪೆದ್ದ" ಅಂತ ಇನ್ನರ್ಧ. ಎರಡೂ ಅರೆಬೆಂದ ವಾದ. ಪಿಚರ್ ತೋಳು ಯಾವತ್ತೋ ಒಂದು ದಿನ ಕೈ ಕೊಡುತ್ತೆ, ಅದರಲ್ಲಿ ಗುಟ್ಟೇನೂ ಇಲ್ಲ. ಮಾಲೀಕನನ್ನ ಅಳೆಯೋದು ಸಹಿ ಹಾಕಿದ ಮೊತ್ತದಿಂದ ಅಲ್ಲ. ತೋಳು ಕೈ ಕೊಟ್ಟ ಮೇಲೂ ಅವನು ಇನ್ನೊಬ್ಬನನ್ನ ತರ್ತಾನಾ ಇಲ್ವಾ ಅನ್ನೋದರಿಂದ.

ಅರಿಜೋನಾ ಡೈಮಂಡ್‌ಬ್ಯಾಕ್ಸ್ ನೋಡಿ. 2024ರ ಮಾರ್ಚ್‌ನಲ್ಲಿ, ಸೀಸನ್ ಬಾಗಿಲಲ್ಲಿ, ಜೋರ್ಡನ್ ಮಾಂಟ್‌ಗೊಮೆರಿಗೆ ಒಂದು ವರ್ಷಕ್ಕೆ 2.5 ಕೋಟಿ ಡಾಲರ್ ಕೊಟ್ಟರು. ಅದಕ್ಕೊಂದು ಬಾಲ ಇತ್ತು: 10 ಪಂದ್ಯ ಸ್ಟಾರ್ಟ್ ಮಾಡಿದ್ರೆ (ಶುರುವಿನಿಂದಲೇ ಎಸೆಯೋಕೆ ಇಳಿದ್ರೆ) ಮುಂದಿನ ವರ್ಷಕ್ಕೆ 2 ಕೋಟಿಯ ಆಯ್ಕೆ ಆಟಗಾರನ ಕೈಗೆ, 18 ಆದ್ರೆ 2.25 ಕೋಟಿ, 23 ಆದ್ರೆ 2.5 ಕೋಟಿ. ಅವನು 21 ಸ್ಟಾರ್ಟ್ ಮಾಡಿದ. ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ಸರಾಸರಿ ರನ್, ಕಮ್ಮಿ ಇದ್ದಷ್ಟು ಒಳ್ಳೇದು) 6.23. ಅಷ್ಟು ಹೊಡೆಸಿಕೊಂಡ ಮೇಲೂ 2.25 ಕೋಟಿ ಖಚಿತ. ಅಕ್ಟೋಬರ್‌ನಲ್ಲಿ ಮಾಲೀಕ ಕೆನ್ ಕೆಂಡ್ರಿಕ್ ರೇಡಿಯೋದಲ್ಲೇ ಒಪ್ಪಿಕೊಂಡ್ರು, ಅವನನ್ನ ತಂದುಕೊಳ್ಳೋ ಐಡಿಯಾ ನನ್ನದು, ತಪ್ಪೂ ನನ್ನದೇ ಅಂತ. 2025ರ ಮಾರ್ಚ್‌ನಲ್ಲಿ ಮಾಂಟ್‌ಗೊಮೆರಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ, ಅಂದ್ರೆ ಹರಿದ ಲಿಗಮೆಂಟ್ ಬದಲಿಸೋ ಆಪರೇಷನ್.

ಅಷ್ಟರಲ್ಲಿ, 2024ರ ಡಿಸೆಂಬರ್‌ನಲ್ಲಿ, ಅದೇ ಮಾಲೀಕರು ಕಾರ್ಬಿನ್ ಬರ್ನ್ಸ್‌ಗೆ 6 ವರ್ಷಕ್ಕೆ 21 ಕೋಟಿ ಬರೆದಿದ್ರು. 2025ರ ಜೂನ್‌ನಲ್ಲಿ ಬರ್ನ್ಸ್‌ಗೂ ಟಾಮಿ ಜಾನ್. ಒಂದೇ ಟೀಮ್, ಒಂದೇ ವರ್ಷ, ಎರಡು ಮೊಣಕೈ. ಇದನ್ನ ಪೆದ್ದತನ ಅಂತೀರೋ, ದುರದೃಷ್ಟ ಅಂತೀರೋ?

ಏಳನೇಇನ್ನಿಂಗ್:
ಹೊಸಬ ನಾನು, ಕೇಳ್ತೀನಿ. ಐಪಿಎಲ್‌ನಲ್ಲಿ 2025ರ ಮೆಗಾ ಹರಾಜಿಗೆ ಎಲ್ಲಾ ಟೀಮಿಗೂ ಒಂದೇ ಪರ್ಸ್, ₹120 ಕೋಟಿ. ಅದರ ಮೇಲೆ ಒಂದು ಪೈಸೆ ಇಲ್ಲ. ಇಲ್ಲಿ ಹಾಗೆ ಮಿತಿ ಇಲ್ವಾ?

ಲೆಕ್ಕಪುಸ್ತಕ:
ಇಲ್ಲ. ಮೇಲಕ್ಕೂ ಮಿತಿ ಇಲ್ಲ, ಕೆಳಕ್ಕೂ ಇಲ್ಲ. ಇರೋದು ಲಕ್ಸುರಿ ಟ್ಯಾಕ್ಸ್. ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ 2022–26ರ ಒಪ್ಪಂದದಲ್ಲಿ ಗೆರೆ ಹೀಗಿದೆ: 2022ಕ್ಕೆ 23 ಕೋಟಿ ಡಾಲರ್, ಆಮೇಲೆ 23.3, 23.7, 24.1, 2026ಕ್ಕೆ 24.4 ಕೋಟಿ. ಟೀಮಿನ ಒಟ್ಟು ಸಂಬಳ ಗೆರೆ ದಾಟಿದ್ರೆ ದಾಟಿದ ಭಾಗಕ್ಕೆ ಮಾತ್ರ ತೆರಿಗೆ. ಮೊದಲ ಸಲ 20%, ಸತತ ಎರಡನೇ ವರ್ಷ 30%, ಮೂರನೇ ವರ್ಷದಿಂದ 50%. ಗೆರೆಗಿಂತ 2 ಕೋಟಿ ಮೇಲೆ ಹೋದ್ರೆ ಹೆಚ್ಚುವರಿ ದರ ಶುರು. 4 ಕೋಟಿ ದಾಟಿದ್ರೆ ಡ್ರಾಫ್ಟ್‌ನ (ಹೊಸ ಆಟಗಾರರನ್ನ ಸರದಿಯಲ್ಲಿ ಆರಿಸೋ ಪದ್ಧತಿ) ಮೊದಲ ಆಯ್ಕೆ 10 ಸ್ಥಾನ ಕೆಳಗೆ ಜಾರುತ್ತೆ. 6 ಕೋಟಿ ದಾಟಿದ್ರೆ ಇನ್ನೂ 60% ಸೇರುತ್ತೆ. ಆ ಕೊನೇ ಹಂತಕ್ಕೆ ಜನ ಮೆಟ್ಸ್ ಮಾಲೀಕ ಸ್ಟೀವ್ ಕೋಹೆನ್ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ.

ಲೆಕ್ಕ ಹಾಕೋಣ. ವರ್ಷಕ್ಕೆ 3 ಕೋಟಿ ಡಾಲರ್‌ನ ಒಬ್ಬ ಪಿಚರ್. ಗೆರೆಯ ಕೆಳಗಿರೋ ಟೀಮಿಗೆ ಅವನ ಬೆಲೆ 3 ಕೋಟಿ. ಮೂರು ವರ್ಷದಿಂದ ತೆರಿಗೆ ಕಟ್ಟುತ್ತಾ ಆಗಲೇ 6 ಕೋಟಿ ಮೇಲಿರೋ ಟೀಮಿಗೆ 50 ಕೂಡಿಸು 60, ಅಂದ್ರೆ 110% ತೆರಿಗೆ, 3.3 ಕೋಟಿ. ಒಟ್ಟು 6.3 ಕೋಟಿ. ಒಂದೇ ಮನುಷ್ಯ, ಒಂದೇ ತೋಳು, ಎರಡರಷ್ಟು ಬೆಲೆ. "ದೊಡ್ಡ ಟೀಮುಗಳು ಇದ್ದಬದ್ದವರನ್ನೆಲ್ಲಾ ಬಾಚ್ಕೊಳ್ತಾವೆ" ಅನ್ನೋ ಮುಂಚೆ ಇದು ತಲೆಯಲ್ಲಿರಲಿ. ಅಷ್ಟು ತೆತ್ತೂ ಬಾಚ್ಕೊಳ್ತಾವೆ ಅನ್ನೋದು ಬೇರೆ ಮಾತು.

ಇನ್ನೊಂದು: ತೆರಿಗೆಗೆ ಲೆಕ್ಕಕ್ಕೆ ಬರೋದು ಆ ವರ್ಷ ಕೊಟ್ಟ ದುಡ್ಡಲ್ಲ, ಕಾಂಟ್ರಾಕ್ಟ್‌ನ ವಾರ್ಷಿಕ ಸರಾಸರಿ. ಅದಕ್ಕೇ ವರ್ಷ ಎಳೆಯೋದು. ಅದೇ ಮೊತ್ತ ಎಂಟು ವರ್ಷಕ್ಕೆ ಹರಡಿದ್ರೆ ಸರಾಸರಿ ಇಳಿಯುತ್ತೆ. 38 ವರ್ಷದ ಪಿಚರ್ ಮೇಲೆ ಯಾರಿಗೂ ಭಕ್ತಿ ಉಕ್ಕಿ ಬಂದು ಎಂಟನೇ ವರ್ಷ ಕೊಡೋದಲ್ಲ.

ಬುಲ್‌ಪೆನ್_ಭಟ್ರು:
ದೊಡ್ಡವರ ತೆರಿಗೆ ಲೆಕ್ಕ ಆಯ್ತು ಮಾರಾಯ್ರೆ, ಸಣ್ಣವರ ಆದಾಯದ ಲೆಕ್ಕ ಯಾಕೆ ಯಾರೂ ಹಾಕುದಿಲ್ಲ? ಪ್ರತಿ ಟೀಮು ತನ್ನ ಸ್ಥಳೀಯ ಆದಾಯದ 48% ಒಂದು ಹುಂಡಿಗೆ ಹಾಕಬೇಕು. ಆ ಹುಂಡಿ 30 ಸಮಪಾಲು ಆಗ್ತದೆ. ಜಾಸ್ತಿ ಗಳಿಸುವವ ಹಾಕಿದ್ದಕ್ಕಿಂತ ಕಮ್ಮಿ ತಗೊಳ್ತಾನೆ, ಕಮ್ಮಿ ಗಳಿಸುವವನಿಗೆ ಲಾಭ. ಆ ದುಡ್ಡು ಟೀಮನ್ನು ಗಟ್ಟಿ ಮಾಡ್ಲಿಕ್ಕೆ, ಮಾಲೀಕನ ಕಿಸೆಗೆ ಅಲ್ಲ. ಒಪ್ಪಂದದಲ್ಲಿ ಒಂದು ನಿಯಮ ಉಂಟು: ಬಂದ ಪಾಲಿನ ಒಂದೂವರೆ ಪಟ್ಟಿನಷ್ಟಾದರೂ ಆಟಗಾರರ ಸಂಬಳಕ್ಕೆ ಹೋಗದಿದ್ರೆ, ಸಂಘ ದೂರು ಕೊಟ್ಟಾಗ ಸಮರ್ಥಿಸಿಕೊಳ್ಳುವ ಹೊಣೆ ಟೀಮಿನದ್ದು.

ಈಗ ಜಾನ್ ಫಿಶರ್‌ನ ಅಥ್ಲೆಟಿಕ್ಸ್ ನೋಡಿ. 2024ರ ನಂತರ ಓಕ್‌ಲ್ಯಾಂಡ್ ಬಿಟ್ಟು ಸ್ಯಾಕ್ರಮೆಂಟೋದ ಮೈನರ್ ಲೀಗ್ ಮೈದಾನಕ್ಕೆ ಗುಳೆ ಹೋದ ಟೀಮು. ಅಂಥವರು ಅದೇ ಡಿಸೆಂಬರ್‌ನಲ್ಲಿ ಲೂಯಿಸ್ ಸೆವೆರಿನೊಗೆ 3 ವರ್ಷಕ್ಕೆ 6.7 ಕೋಟಿ ಕೊಟ್ಟರು! ಅವರ ಇತಿಹಾಸದಲ್ಲೇ ದೊಡ್ಡ ಕಾಂಟ್ರಾಕ್ಟ್. ಹಿಂದಿನ ದಾಖಲೆ 2004ರದ್ದು, ಎರಿಕ್ ಚಾವೆಜ್‌ನ 6.6 ಕೋಟಿ. ಸೆವೆರಿನೊ ಮೆಟ್ಸ್‌ನ ಕ್ವಾಲಿಫೈಯಿಂಗ್ ಆಫರ್ ಬೇಡ ಅಂದವ, ಹಾಗಾಗಿ ಅಥ್ಲೆಟಿಕ್ಸ್ ಒಂದು ಡ್ರಾಫ್ಟ್ ಆಯ್ಕೆಯನ್ನೂ ಕಳಕೊಂಡಿತು. ಇಪ್ಪತ್ತು ವರ್ಷ ಮುಷ್ಟಿ ಬಿಗಿ ಹಿಡಿದವನಿಗೆ ಫಕ್ಕನೆ ಇಷ್ಟು ಔದಾರ್ಯ ಎಲ್ಲಿಂದ? ಆ ಒಂದೂವರೆ ಪಟ್ಟಿನ ನಿಯಮದ ಹೆದರಿಕೆ ಅಂತಲೇ ನನ್ನ ಅಂದಾಜು. ಚಾಟಿ ಉಂಟು ಅಂತ ಗೊತ್ತಾದ್ರೆ ಎತ್ತು ತಾನೇ ನಡೀತದೆ.

ಪಿಟ್ಸ್‌ಬರ್ಗ್ ಪೈರೇಟ್ಸ್ ಟೀಮಿನದ್ದು ಇನ್ನೂ ಬೇಜಾರಿನ ಕತೆ. 2014ರ ಡಿಸೆಂಬರ್‌ನಲ್ಲಿ ಫ್ರಾನ್ಸಿಸ್ಕೊ ಲಿರಿಯಾನೊಗೆ 3 ವರ್ಷಕ್ಕೆ 3.9 ಕೋಟಿ, ಅವರ ಮಟ್ಟಿಗೆ ಆಗ ಅದು ಫ್ರೀ ಏಜೆಂಟ್ ದಾಖಲೆ. ಎರಡನೇ ವರ್ಷ ಅವ ಎಡವಿದ. 2016ರ ಆಗಸ್ಟ್‌ನಲ್ಲಿ ಅವನನ್ನು ಟೊರೊಂಟೊಗೆ ದಾಟಿಸಿದರು, ಜೊತೆಗೆ ಇಬ್ಬರು ಒಳ್ಳೆ ಎಳೆಯ ಆಟಗಾರರನ್ನೂ ಕೊಟ್ಟು! ಸಂಬಳದ ಹೊರೆ ಇಳಿಸ್ಲಿಕ್ಕೆ ವರದಕ್ಷಿಣೆ ಕೊಟ್ಟ ಹಾಗೆ. ಫುಲ್‌ಕೌಂಟ್ ಹೇಳಿದ ಅಳತೆಗೋಲು ಇಟ್ಟರೆ ಕೆಂಡ್ರಿಕ್ ಪಾಸ್, ಪೈರೇಟ್ಸ್ ಮಾಲೀಕ ಬಾಬ್ ನಟಿಂಗ್ ಫೇಲ್.

ಧಾರವಾಡ_ಸ್ಲೈಡರ್:
ಅಲ್ರೀ ಭಟ್ರ, ಮಾಲೀಕನ ಜಿಪುಣತನ ಮತ್ತ ಪಿಚರ್ ತೋಳು, ಇವೆರಡೂ ಹುಟ್ಟಿದ್ದಾ ಒಂದಾ ಮನ್ಯಾಗ. ಅದೂ ಇದಾ ಅಥ್ಲೆಟಿಕ್ಸ್ ಮನ್ಯಾಗ.

1974ರಾಗ ಮಾಲೀಕ ಚಾರ್ಲಿ ಫಿನ್ಲೆ. ಪಿಚರ್ ಕ್ಯಾಟ್‌ಫಿಶ್ ಹಂಟರ್. ಸಂಬಳ 1 ಲಕ್ಷ ಡಾಲರ್, ಅದರಾಗ ಅರ್ಧ, 50,000, ವಿಮಾ ಕಂಪನಿಗೆ ಆನ್ಯುಟಿ (ಮುಂದ ಕಂತಿನಾಗ ಬರೂ ರೊಕ್ಕ) ಅಂತ ಕಟ್ಟಬೇಕು ಅಂತ ಕರಾರು. ತೆರಿಗಿ ವಿನಾಯಿತಿ ಲಗೂನ ಸಿಗಂಗಿಲ್ಲ ಅಂತ ಗೊತ್ತಾದ ಕೂಡ್ಲೇ ಫಿನ್ಲೆ ಕಟ್ಟಲಿಲ್ಲ. ಪಂಚಾಯ್ತಿಗಾರ ಪೀಟರ್ ಸೀಟ್ಜ್ ಡಿಸೆಂಬರ್‌ದಾಗ ತೀರ್ಪು ಕೊಟ್ಟ: ಕರಾರು ಮುರದದ, ಹಂಟರ್ ಸ್ವತಂತ್ರ. ನಾರ್ತ್ ಕೆರೊಲಿನಾದ ಅಹೋಸ್ಕಿ ಅನ್ನೂ ಸಣ್ಣ ಊರಿನ ವಕೀಲರ ಆಫೀಸಿಗೆ ಟೀಮಿನವರು ಸಾಲಗಟ್ಟಿ ಬಂದ್ರು. ಡಿಸೆಂಬರ್ 31ಕ್ಕ ಯಾಂಕೀಸ್ ಹೊಡಕೊಂಡು ಹೋತು. ಮಜಾ ಏನಂದ್ರ, ಯಾಂಕೀಸ್ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನ್ನರ್ ಆಗ ಸಸ್ಪೆಂಡ್ ಆಗಿದ್ದ.

ಈಗ ತೋಳಿನ ಕಡೆ ಬರ್ರಿ. 1975ರಾಗ ಹಂಟರ್ 328 ಇನ್ನಿಂಗ್ಸ್ ಎಸದ, 30 ಪಂದ್ಯ ಮೊದಲಿಂದ ಕೊನೀತನಕ ತಾನಾ ಮುಗಿಸಿದ, 23 ಗೆಲುವು. ಮುಂದಿನ ವರ್ಷ ಮತ್ತ 298 ದಾಟಿದ. ಆಮ್ಯಾಲ ಭುಜ ಕೇಳಬೇಕಲ್ಲ? 1979ಕ್ಕ, 33ನೇ ವಯಸ್ಸಿಗೆ, ಆಟ ಬಿಟ್ಟ. ಮೊದಲನೇ ದೊಡ್ಡ ಫ್ರೀ ಏಜೆಂಟ್ ಪಿಚರ್‌ನ ಗ್ರಾಫ್ ಹೆಂಗಿತ್ತೋ, ಇವತ್ತಿಗೂ ಹಂಗಾ ಅದ. ಮೊದಲ ಎರಡು ವರ್ಷ ಬಂಗಾರ, ಕಡೀ ಎರಡು ವರ್ಷ ಕಬ್ಬಿಣ.

ಮುಂದ 1975ರ ಡಿಸೆಂಬರ್ 23ಕ್ಕ ಮೆಸ್ಸರ್‌ಸ್ಮಿತ್–ಮೆಕ್‌ನಾಲಿ ತೀರ್ಪು, ಅದೂ ಸೀಟ್ಜ್‌ಂದಾ. ಆಟಗಾರನ್ನ ಜೀವಮಾನ ಕಟ್ಟಿಹಾಕೂ ರಿಸರ್ವ್ ಕರಾರಿನ ಕುತ್ತಿಗಿ ಮುರದಿದ್ದು ಅದಾ. ಅವ್ರಿಬ್ರೂ ಪಿಚರ್‌ಗಳಾ ನೋಡ್ರಿ. ಮೆಸ್ಸರ್‌ಸ್ಮಿತ್‌ನ ಅಟ್ಲಾಂಟಾದ ಟೆಡ್ ಟರ್ನರ್ ತಗೊಂಡ. ತನ್ನ ಟಿವಿ ಚಾನೆಲ್ ನಂಬರ್ 17 ಅಂತ, ಅವನಿಗೂ 17ನೇ ನಂಬರ್ ಅಂಗಿ ಕೊಟ್ಟು, ಬೆನ್ನ ಮ್ಯಾಲ ಹೆಸರಿನ ಜಾಗಾದಾಗ "ಚಾನೆಲ್" ಅಂತ ಬರೆಸಿದ! ಲೀಗ್‌ನವರು ತಗಸಿದ್ರು. ಮಾಲೀಕರಿಗೆ ಪಿಚರ್ ಅಂದ್ರ ಏನು ಅಂತ ಅರ್ಥ ಮಾಡ್ಕೊಳಾಕ ಆ ಅಂಗಿ ಒಂದಾ ಸಾಕು.

ಫುಲ್‌ಕೌಂಟ್:
ಆ ಅಂಗಿ ಫೋಟೋ ನೋಡಿದವರಿಗೆ ಮರೆಯಲ್ಲ.

ಏಳನೇಇನ್ನಿಂಗ್:
ಭಟ್ರೇ, ಕ್ವಾಲಿಫೈಯಿಂಗ್ ಆಫರ್ ಅಂದ್ರಿ. ಅದೇನು? ಮತ್ತೆ ತೋಳು ಮುರಿದ್ರೆ ಕಾಂಟ್ರಾಕ್ಟ್ ರದ್ದು ಮಾಡೋಕಾಗಲ್ವಾ?

ಲೆಕ್ಕಪುಸ್ತಕ:
ಮೊದಲನೆಯದು: ಲೀಗ್‌ನ ಅತಿ ಹೆಚ್ಚು ಸಂಬಳದ 125 ಜನರ ಸರಾಸರಿ ತೆಗೀತಾರೆ. 2025ರ ಚಳಿಗಾಲದಲ್ಲಿ ಅದು 2.2025 ಕೋಟಿ ಡಾಲರ್. ಹೊರಡೋಕೆ ನಿಂತ ಆಟಗಾರನಿಗೆ ಹಳೇ ಟೀಮು ಆ ಮೊತ್ತಕ್ಕೆ ಒಂದು ವರ್ಷದ ಆಫರ್ ಕೊಡಬಹುದು. ಇಡೀ ಸೀಸನ್ ಅದೇ ಟೀಮಲ್ಲಿ ಇದ್ದಿರಬೇಕು, ಜೀವಮಾನದಲ್ಲಿ ಒಂದೇ ಸಲ. ಬೇಡ ಅಂದು ಹೋದ್ರೆ ಅವನನ್ನ ಕೊಂಡ ಟೀಮಿಗೆ ಡ್ರಾಫ್ಟ್ ದಂಡ. ಲಕ್ಸುರಿ ಟ್ಯಾಕ್ಸ್ ಕಟ್ಟಿದ ಟೀಮು ಎರಡು ಆಯ್ಕೆ (ಎರಡನೇದು, ಐದನೇದು) ಜೊತೆಗೆ ವಿದೇಶಿ ಆಟಗಾರರಿಗಿಟ್ಟ ಹಣದಲ್ಲಿ 10 ಲಕ್ಷ ಡಾಲರ್ ಕಳ್ಕೊಳ್ಳುತ್ತೆ. ಹುಂಡಿಯಿಂದ ಪಾಲು ಪಡೆಯೋ ಬಡ ಟೀಮು ಮೂರನೇ ಆಯ್ಕೆ ಮಾತ್ರ. ಇದರ ಪೆಟ್ಟು ಬೀಳೋದು ನಡುಮಟ್ಟದ ಪಿಚರ್‌ಗೆ. 2025ರಲ್ಲಿ ಬ್ರೂವರ್ಸ್‌ನ ವುಡ್‌ರಫ್, ಕಬ್ಸ್‌ನ ಇಮಾನಾಗಾ ಇಬ್ಬರೂ ಮಾರುಕಟ್ಟೆ ಸಹವಾಸ ಬೇಡ ಅಂತ ಆಫರ್ ಒಪ್ಪಿಕೊಂಡ್ರು.

ಎರಡನೆಯದು: ಆಗಲ್ಲ. ಆಟದಲ್ಲಿ ಆದ ಗಾಯಕ್ಕೆ ಪೂರ್ತಿ ಸಂಬಳ ಖಚಿತ. 60 ದಿನದ ಗಾಯಾಳು ಪಟ್ಟಿಗೆ ಹಾಕಿದ್ರೆ 40 ಜನರ ಪಟ್ಟಿಯಲ್ಲಿ ಜಾಗ ಖಾಲಿ ಆಗುತ್ತೆ, ಅಷ್ಟೇ. ಸಂಬಳವೂ ನಿಲ್ಲಲ್ಲ, ತೆರಿಗೆ ಲೆಕ್ಕವೂ ಇಳಿಯಲ್ಲ. ಆಟಗಾರ ತಾನಾಗಿ ನಿವೃತ್ತಿ ಘೋಷಿಸಿದ್ರೆ ಮಾತ್ರ ಬಾಕಿ ಹಣ ಹೋಗುತ್ತೆ, ಅದಕ್ಕೇ ಯಾರೂ ಸುಮ್ಮನೆ ಘೋಷಿಸಲ್ಲ. ಸ್ಟೀಫನ್ ಸ್ಟ್ರಾಸ್‌ಬರ್ಗ್ 2019ರಲ್ಲಿ ವರ್ಲ್ಡ್ ಸೀರೀಸ್‌ನ (ಲೀಗ್‌ನ ಫೈನಲ್ ಸರಣಿ) ಎಂವಿಪಿ, ಅಂದ್ರೆ ಅತ್ಯುತ್ತಮ ಆಟಗಾರ, ಆಗಿ, ಉಳಿದಿದ್ದ 4 ವರ್ಷ, 10 ಕೋಟಿ ಬಿಟ್ಟು ಹೊರಬಂದು, ಅದೇ ನ್ಯಾಷನಲ್ಸ್ ಹತ್ತಿರ 7 ವರ್ಷಕ್ಕೆ 24.5 ಕೋಟಿ ಬರೆಸಿಕೊಂಡ. ಆಮೇಲೆ ಎಸೆದದ್ದು 8 ಸ್ಟಾರ್ಟ್: 2020ರಲ್ಲಿ 2, 2021ರಲ್ಲಿ 5, 2022ರಲ್ಲಿ 1. ಎದೆಗೂಡಿನ ಮೇಲ್ಭಾಗದಲ್ಲಿ ನರ, ರಕ್ತನಾಳ ಹಿಸುಕೋ ಥೊರಾಸಿಕ್ ಔಟ್‌ಲೆಟ್ ಸಮಸ್ಯೆ. ಮೊಣಕೈ ಲಿಗಮೆಂಟ್ ಆದ್ರೆ 12ರಿಂದ 18 ತಿಂಗಳಲ್ಲಿ ವಾಪಸ್ ಬರೋ ನಿರೀಕ್ಷೆ ಇಟ್ಕೊಬಹುದು. ಇದಕ್ಕೆ ಆ ಭರವಸೆಯೂ ಇಲ್ಲ. ನಿವೃತ್ತಿ ಅಧಿಕೃತ ಆಗೋಕೆ 2024 ಬೇಕಾಯ್ತು.

ಬುಲ್‌ಪೆನ್_ಭಟ್ರು:
ರದ್ದು ಮಾಡ್ಲಿಕ್ಕಾಗುದಿಲ್ಲ, ಆದ್ರೆ ಬೇಲಿ ಹಾಕ್ಲಿಕ್ಕಾಗ್ತದೆ. 2009ರಲ್ಲಿ ರೆಡ್ ಸಾಕ್ಸ್ ಜಾನ್ ಲ್ಯಾಕಿಗೆ 5 ವರ್ಷಕ್ಕೆ 8.25 ಕೋಟಿ ಕೊಟ್ಟಾಗ ಎಂಆರ್‌ಐಯಲ್ಲಿ ಮೊಣಕೈ ಮೇಲೆ ಅನುಮಾನ ಬಂತು. ಮೊಣಕೈಯಿಂದಾಗಿ ದೀರ್ಘಕಾಲ ಆಡದೇ ಹೋದ್ರೆ ಆರನೇ ವರ್ಷ ಕನಿಷ್ಠ ಸಂಬಳಕ್ಕೆ ಆಡಬೇಕು ಅಂತ ಒಂದು ಸಾಲು ಸೇರಿಸಿದರು. 2012 ಇಡೀ ಟಾಮಿ ಜಾನ್‌ಗೆ ಹೋಯಿತು. ಫಲ ತಿಂದದ್ದು ಬೇರೆಯವರು: 2014ರಲ್ಲಿ ಅವ ಕಾರ್ಡಿನಲ್ಸ್‌ಗೆ ಟ್ರೇಡ್ ಆದ, 2015ರಲ್ಲಿ ಅವನ ಮೂಲ ಸಂಬಳ 5,07,500 ಡಾಲರ್! ಬರೇ ಒಂದು ಸಾಲಿನ ಬೆಲೆ ನೋಡಿ.

ಫುಲ್‌ಕೌಂಟ್:
ಆಪ್ಟ್-ಔಟ್ ಇದರ ತಿರುಗುಮುರುಗು. ಅದು ಆಟಗಾರನ ಕೈಯಲ್ಲಿರೋ ಬಾಗಿಲು. ಚೆನ್ನಾಗಿ ಆಡಿದ್ರೆ ಎದ್ದು ಹೋಗ್ತಾನೆ, ಕೆಟ್ಟರೆ ಕೂತ್ಕೋತಾನೆ. ಗೆರಿಟ್ ಕೋಲ್ (9 ವರ್ಷ, 32.4 ಕೋಟಿ, 2019) 2024ರ ನವೆಂಬರ್‌ನಲ್ಲಿ ಬಾಗಿಲು ತೆಗೆದ. 2029ಕ್ಕೆ ಇನ್ನೊಂದು ವರ್ಷ, 3.6 ಕೋಟಿ ಸೇರಿಸಿದ್ರೆ ಯಾಂಕೀಸ್ ಅವನನ್ನ ಉಳಿಸಿಕೊಳ್ಳಬಹುದಿತ್ತು. ಸೇರಿಸಲಿಲ್ಲ. ಕೊನೆಗೆ ಅವನೇ ಹಳೇ ಕರಾರಿಗೆ, 4 ವರ್ಷ, 14.4 ಕೋಟಿಗೆ ವಾಪಸ್ ಬಂದ. ನಾಲ್ಕು ತಿಂಗಳಿಗೆ, 2025ರ ಮಾರ್ಚ್‌ನಲ್ಲಿ, ಟಾಮಿ ಜಾನ್. ಆ ಚಳಿಗಾಲ ಯಾಂಕೀಸ್ ಆಫೀಸಲ್ಲಿ "ಇಲ್ಲ" ಅಂದವನ ಸಂಬಳ ಏರಿಸಬೇಕು. ಅದೇ ಸಮಯಕ್ಕೆ ಮ್ಯಾಕ್ಸ್ ಫ್ರೀಡ್‌ಗೆ 8 ವರ್ಷ, 21.8 ಕೋಟಿ ಕೊಟ್ಟಿದ್ರು. ಕೋಲ್ ಇಲ್ಲದ ವರ್ಷ ಫ್ರೀಡ್ 19 ಗೆದ್ದ. ನಾನು ಮೊದಲು ಹೇಳಿದ ಅಳತೆಗೋಲು ಇದೇ.

ಧಾರವಾಡ_ಸ್ಲೈಡರ್:
ಆದ್ರ ತಗೊಳ್ಳೂ ಮುಂಚೆ ನೋಡೂದು ಏನು? ಇಆರ್‌ಎ ನೋಡಿ ದುಡ್ಡು ಕೊಡಾವ ಮೋಸ ಹೋಗ್ತಾನ. ಬ್ಲೇಕ್ ಸ್ನೆಲ್ 2023ರಾಗ 2.25 ಇಆರ್‌ಎ, ಸೈ ಯಂಗ್ (ವರ್ಷದ ಅತ್ಯುತ್ತಮ ಪಿಚರ್ ಪ್ರಶಸ್ತಿ). ಆದ್ರ 180 ಇನ್ನಿಂಗ್ಸ್‌ದಾಗ 99 ವಾಕ್ (ಬ್ಯಾಟರ್‌ಗೆ ಪುಕ್ಕಟೆ ಕೊಟ್ಟ ಬೇಸ್), ಲೀಗ್‌ದಾಗಾ ಜಾಸ್ತಿ. ಒಂಬತ್ತು ಇನ್ನಿಂಗ್ಸ್‌ಗೆ ಹತ್ತಿರ ಹತ್ತಿರ ಐದು. ಬೇಸ್ ತುಂಬಿಸಿ ಪಾರಾಗೂದು ವರ್ಷಾ ನಡಿಯಂಗಿಲ್ಲ ಅಂತ ಟೀಮಿನವರು ಅವ ಬಯಸಿದಷ್ಟು ದೊಡ್ಡ ಆಫರ್ ಕೊಡಲಿಲ್ಲ. ನಾ ನೋಡೂ ಕ್ರಮ: ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಶೇಕಡಾದಾಗ ವಾಕ್ ಶೇಕಡಾ ಕಳೀರಿ. ಆಮ್ಯಾಲ ಫಾಸ್ಟ್‌ಬಾಲ್ ವೇಗ ಏಪ್ರಿಲ್‌ದಾಗ ಎಷ್ಟು, ಸೆಪ್ಟೆಂಬರ್‌ದಾಗ ಎಷ್ಟು. ಒಂದು ಮೈಲಿ ಇಳದಿದ್ರ ದಣಿವು ಅನ್ನಬಹುದು. ಎರಡು ಮೈಲಿ ಇಳದು, ಚೆಂಡು ಬಿಡೂ ಜಾಗಾನೂ ಕೆಳಗ ಬಂದಿದ್ರ, ಭುಜ ಏನೋ ಹೇಳಾಕತ್ತದ ಅಂತ ತಿಳೀರಿ.

ಬುಲ್‌ಪೆನ್_ಭಟ್ರು:
ಸ್ನೆಲ್‌ನಿಂದ ಕಲೀಲಿಕ್ಕೆ ಇನ್ನೊಂದು ಉಂಟು, ಸಹಿ ಮಾಡುವ ತಾರೀಕು. ಮಾರ್ಚ್ ಮಧ್ಯ ದಾಟಿ ಜೈಂಟ್ಸ್‌ಗೆ 2 ವರ್ಷ, 6.2 ಕೋಟಿಗೆ ಸಹಿ. ಪಿಚರ್ ತಯಾರಾಗ್ಲಿಕ್ಕೆ ಸುಮಾರು ಆರು ವಾರ ಬೇಕು: ಬುಲ್‌ಪೆನ್‌ನಲ್ಲಿ (ಪಿಚರ್‌ಗಳ ಅಭ್ಯಾಸದ ಜಾಗ) ಎಸೆಯುದು, ಎದುರು ಬ್ಯಾಟರ್ ನಿಲ್ಲಿಸಿ ಅಭ್ಯಾಸ, ಆಮೇಲೆ ಎರಡು ಇನ್ನಿಂಗ್ಸ್, ಮೂರು, ಹೀಗೆ ಹತ್ತಿಸ್ತಾ 85–90 ಎಸೆತ. ಅದನ್ನು ಬಿಟ್ಟು ನೇರ ಕಣಕ್ಕಿಳಿದ, ಮೊದಲ ಆರು ಸ್ಟಾರ್ಟ್‌ಗೆ ಇಆರ್‌ಎ 9.51. ಆಗಸ್ಟ್ 2ಕ್ಕೆ ಅದೇ ಮನುಷ್ಯ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಸೆದ! ಮಾಂಟ್‌ಗೊಮೆರಿಯದ್ದೂ ತಡದ ಸಹಿಯೇ. ಮಾರ್ಚ್‌ನಲ್ಲಿ ಸಿಗುವ ಡಿಸ್ಕೌಂಟ್ ಏಪ್ರಿಲ್‌ನಲ್ಲಿ ಬಡ್ಡಿ ಸಮೇತ ಹೋಗ್ತದೆ.

ಏಳನೇಇನ್ನಿಂಗ್:
ಡಾಡ್ಜರ್ಸ್ ಟೀಮು ಪಿಚರ್ ಯಾಮಾಮೋಟೊನ ತರೋಕೆ ಅವನ ಜಪಾನ್ ಟೀಮಿಗೂ ದುಡ್ಡು ಕೊಡ್ತು ಅಂತಾರಲ್ಲ?

ಲೆಕ್ಕಪುಸ್ತಕ:
ಹೌದು, ಪೋಸ್ಟಿಂಗ್ ಶುಲ್ಕ. ಕಾಂಟ್ರಾಕ್ಟ್‌ನ ಮೊದಲ 2.5 ಕೋಟಿಗೆ 20%, ಮುಂದಿನ 2.5 ಕೋಟಿಗೆ 17.5%, ಅದರ ಮೇಲಿನದ್ದಕ್ಕೆ 15%. ಯಾಮಾಮೋಟೊಗೆ 2023ರ ಡಿಸೆಂಬರ್‌ನಲ್ಲಿ ಡಾಡ್ಜರ್ಸ್ ಕೊಟ್ಟದ್ದು 12 ವರ್ಷ, 32.5 ಕೋಟಿ. ಅಂದ್ರೆ 50 ಲಕ್ಷ, 43.75 ಲಕ್ಷ, 4.125 ಕೋಟಿ. ಒಟ್ಟು 5.0625 ಕೋಟಿ ಡಾಲರ್ ಓರಿಕ್ಸ್ ಬಫಲೋಸ್‌ಗೆ. ಈ ಶುಲ್ಕ ಲಕ್ಸುರಿ ಟ್ಯಾಕ್ಸ್ ಲೆಕ್ಕಕ್ಕೆ ಬರಲ್ಲ. 25ನೇ ವಯಸ್ಸಿಗೇ ಮಾರುಕಟ್ಟೆಗೆ ಬಂದದ್ದಕ್ಕೆ ಅಷ್ಟು ಬೆಲೆ. ಅಮೆರಿಕದಲ್ಲಿ ಬೆಳೆದವನಿಗೆ 6 ವರ್ಷದ ಸೇವೆ ಮುಗೀಬೇಕು, ಒಂದು ವರ್ಷ ಅಂದ್ರೆ 172 ದಿನ. ಹಾಗಾಗಿ ಬಹುಪಾಲು ಪಿಚರ್‌ಗಳು ಮಾರುಕಟ್ಟೆ ಮುಟ್ಟೋ ಹೊತ್ತಿಗೆ ಮೂವತ್ತರ ಆಸುಪಾಸು.

2025ರ ವರ್ಲ್ಡ್ ಸೀರೀಸ್‌ನಲ್ಲಿ ಅವನು ಮೂರು ಪಂದ್ಯ ಗೆದ್ದ. ಆರನೇ ಪಂದ್ಯದಲ್ಲಿ 96 ಎಸೆತ, ಮಾರನೇ ದಿನ ಏಳನೇ ಪಂದ್ಯದಲ್ಲಿ ಮತ್ತೆ 34. ಎರಡೇ ವರ್ಷಕ್ಕೆ ಈ ಕಾಂಟ್ರಾಕ್ಟ್ ಗಿಟ್ಟಿತು ಅಂತ ನಾನು ಬರೆದುಕೊಡ್ತೀನಿ, ಇನ್ನು ಹತ್ತು ವರ್ಷ ಏನೇ ಆಗಲಿ.

ಧಾರವಾಡ_ಸ್ಲೈಡರ್:
34 ಎಸೆತಾ ನೋಡಬೇಕಾದ್ರ ನನ್ನ ಮೊಣಕೈ ನೂತು.

ಫುಲ್‌ಕೌಂಟ್:
ಮುಂದೂಡಿದ ಸಂಬಳದ ಬಗ್ಗೆಯೂ ಒಂದು ಮಾತು. ಎಲ್ಲರೂ ಡಾಡ್ಜರ್ಸ್ ಆಟಗಾರ ಒಹ್ತಾನಿಯ 70 ಕೋಟಿಯಲ್ಲಿ 68 ಕೋಟಿ 2034ರಿಂದ 2043ರವರೆಗೆ ಅಂತ ಬಾಯಿ ಬಡ್ಕೋತಾರೆ. ಇದು ಡಾಡ್ಜರ್ಸ್ ಕಂಡುಹಿಡಿದ ಕುತಂತ್ರ ಅಲ್ಲ. ಮ್ಯಾಕ್ಸ್ ಶೆರ್ಜರ್‌ಗೆ 2015ರಲ್ಲಿ ನ್ಯಾಷನಲ್ಸ್ ಕೊಟ್ಟ 21 ಕೋಟಿಯಲ್ಲಿ ಸರಿ ಅರ್ಧ ಮುಂದೂಡಿದ್ದೇ. 2022ರಿಂದ 2028ರವರೆಗೆ ವರ್ಷಕ್ಕೆ 1.5 ಕೋಟಿ. ಅವನು ಊರು ಬಿಟ್ಟು ಎಷ್ಟೋ ಟೀಮು ಸುತ್ತಿದ್ರೂ ಕಂತು ನಿಂತಿಲ್ಲ. ಆದ್ರೂ ಪಿಚರ್‌ಗೆ ಕೊಟ್ಟ ದೀರ್ಘ ಕಾಂಟ್ರಾಕ್ಟ್‌ಗಳಲ್ಲಿ ನನ್ನ ಪ್ರಕಾರ ಅದೇ ಅತ್ಯುತ್ತಮ: 2016, 2017ರ ಸೈ ಯಂಗ್, 2019ರ ವರ್ಲ್ಡ್ ಸೀರೀಸ್ ಕಪ್. ಮೆಟ್ಸ್ ಇನ್ನೂ ತನ್ನ ಹಳೇ ಪಿಚರ್ ಬ್ರೆಟ್ ಸೇಬರ್‌ಹೇಗನ್‌ಗೆ ವರ್ಷಕ್ಕೆ 2.5 ಲಕ್ಷ ಕೊಡ್ತಿದೆ, 2028ರವರೆಗೆ.

ಬುಲ್‌ಪೆನ್_ಭಟ್ರು:
ಪೈರೇಟ್ಸ್‌ನ ಎಳೆಯ ಪಿಚರ್ ಸ್ಕೀನ್ಸ್ ಬಗ್ಗೆ ಯಾರೂ ಎತ್ತಲಿಲ್ಲ. 2024ರ ಮೇ 11ಕ್ಕೆ ಮೈನರ್ ಲೀಗ್‌ನಿಂದ ಕರೆಸಿದ್ರು. ಅಷ್ಟು ತಡ ಆದ್ರೆ 172 ದಿನ ತುಂಬುದಿಲ್ಲ, ಒಂದು ವರ್ಷ ಜಾಸ್ತಿ ಇಟ್ಟುಕೊಳ್ಳಬಹುದು. ಆದ್ರೆ 2022ರ ಒಪ್ಪಂದದಲ್ಲಿ ವರ್ಷದ ಹೊಸಬ ಪ್ರಶಸ್ತಿಯ ಮೊದಲ ಎರಡು ಸ್ಥಾನದವರಿಗೆ ಪೂರ್ತಿ ವರ್ಷದ ಸೇವೆ ಸಿಗ್ತದೆ. ಅವ ಪ್ರಶಸ್ತಿ ಗೆದ್ದ. ಹಾಗಾಗಿ 2029ರ ನಂತರ ಫ್ರೀ. ನಟಿಂಗ್‌ಗೆ ಅಲ್ಲಿವರೆಗೆ ಸಮಯ ಉಂಟು, ಮನಸ್ಸು ಉಂಟಾ ಅಂತ ನೋಡ್ಬೇಕು.

ಏಳನೇಇನ್ನಿಂಗ್:
ಅದಕ್ಕಿಂತ ಮೊದಲು ಡೆಟ್ರಾಯಿಟ್‌ನ ಪಿಚರ್ ಸ್ಕೂಬಲ್ ಫ್ರೀ ಆಗೋದಲ್ವಾ? 2026ರ ಸೀಸನ್ ಮುಗಿದ ಮೇಲೆ.

ಲೆಕ್ಕಪುಸ್ತಕ:
ಅಲ್ಲೇ ಇರೋದು ತೊಡಕು. 2024, 2025 ಎರಡೂ ವರ್ಷ ಸೈ ಯಂಗ್ ಗೆದ್ದವನು, ಏಜೆಂಟ್ ಸ್ಕಾಟ್ ಬೋರಸ್. ಆದ್ರೆ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತೆ. ಹೊಸದು ಆಗದೆ ಮಾಲೀಕರು ಲಾಕೌಟ್ ಘೋಷಿಸಿದ್ರೆ ಎಲ್ಲಾ ಸಹಿ ಬಂದ್. ವರ್ಲ್ಡ್ ಸೀರೀಸ್ ಮುಗಿದ ಮೇಲೆ ಸಿಗೋದು ಸುಮಾರು ಒಂದು ತಿಂಗಳು. 2021ರಲ್ಲೂ ಇದೇ ಆಯ್ತು: ಗಡುವಿಗೆ ಮೊದಲು ಶೆರ್ಜರ್ (3 ವರ್ಷ, 13 ಕೋಟಿ), ಗಾಸ್‌ಮನ್ (5 ವರ್ಷ, 11 ಕೋಟಿ), ರಾಬಿ ರೇ (5 ವರ್ಷ, 11.5 ಕೋಟಿ) ಎಲ್ಲರೂ ಸಂತೆ ಮುಗಿಯೋ ಹೊತ್ತಿನ ಹಾಗೆ ಸಹಿ ಹಾಕಿದ್ರು. ಆಮೇಲೆ 99 ದಿನ ಬೀಗ.

ಪಿಚರ್‌ಗಳಿಗೆ ಅದರ ಪೆಟ್ಟು ಬೇರೆ ಥರ. ಬೀಗ ಇರೋವರೆಗೆ 40 ಜನರ ಪಟ್ಟಿಯಲ್ಲಿರೋ ಯಾರ ಜೊತೆಗೂ ಟೀಮಿನ ಕೋಚ್, ಫಿಸಿಯೋ ಮಾತಾಡೋ ಹಾಗಿಲ್ಲ, ಟೀಮಿನ ಜಿಮ್‌ಗೂ ಬರೋ ಹಾಗಿಲ್ಲ. ಶಸ್ತ್ರಚಿಕಿತ್ಸೆ ಆಗಿ ಎಂಟನೇ ತಿಂಗಳಲ್ಲಿ ಮತ್ತೆ ಚೆಂಡು ಎಸೆಯೋಕೆ ಶುರು ಮಾಡಿರೋ ಹುಡುಗ ತನ್ನ ವೇಳಾಪಟ್ಟಿ ತಾನೇ ನೋಡ್ಕೋಬೇಕು.

ಏಳನೇಇನ್ನಿಂಗ್:
ಆ ಮೂರು ತಿಂಗಳ ಸಂಬಳ?

ಲೆಕ್ಕಪುಸ್ತಕ:
ಮೂಲ ಸಂಬಳ ಬರೋದು ಸೀಸನ್ ನಡೆಯೋ ತಿಂಗಳುಗಳಲ್ಲಿ, ಹದಿನೈದು ದಿನಕ್ಕೊಮ್ಮೆ. ಚಳಿಗಾಲದ ಬೀಗಕ್ಕೆ ಸಂಬಳ ಕಡಿತ ಇಲ್ಲ. ಪಂದ್ಯ ರದ್ದಾದಾಗಿನಿಂದ ಮಾತ್ರ ಎರಡೂ ಕಡೆ ಜೇಬು ಸುಡೋಕೆ ಶುರು, ಅಂದ್ರೆ ಮಾರ್ಚ್ ಕೊನೆ.